ತಾಯಿಯ ವಯಸ್ಸು, ಅಂಡಾಣುವಿನ ವಯಸ್ಸು

(ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಬೋರ್ಡಿನ ಮೇಲೆ ಬರೆದ ಅಂಕಿಗಳನ್ನು ಮಾತಿನೊಳಗೇ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಸುರಿಯೊಬ್ಬಳು ಮೊದಲ ಸಲ ತಪಾಸಣೆಗೆ ಬಂದಾಗ ಕೇಸ್ ಶೀಟಿನಲ್ಲಿ ಹೆಸರಿನ ಪಕ್ಕದಲ್ಲೇ ಬರೆಯುವುದು ವಯಸ್ಸು. ತೂಕ, ಬಿ.ಪಿ., ರಕ್ತದ ಗುಂಪು ಎಲ್ಲ ಆಮೇಲೆ. ಆ ಅಂಕಿ ನೋಡಿದ ಕೂಡಲೇ ಎದುರಿಗೆ ಕೂತ ಡಾಕ್ಟರ ಮುಖ ಬದಲಾಗುತ್ತದೆ. 26 ಅಂದರೆ ಪೆನ್ನು ಹಾಗೇ ಮುಂದೆ ಓಡುತ್ತದೆ. 38 ಅಂದರೆ ಹುಬ್ಬು ಸ್ವಲ್ಪ ಮೇಲೇರುತ್ತದೆ. 16 ಅಂದರೆ ಪೆನ್ನೇ ನಿಂತುಹೋಗುತ್ತದೆ. ಎಷ್ಟೋ ವರ್ಷ ನಾನೂ ಹೀಗೇ ಹುಬ್ಬೇರಿಸಿದವಳು. ಒಂದು ದಿನ 39 ವರ್ಷದ ಹೆಂಗಸೊಬ್ಬರು ನೇರವಾಗಿ ಕೇಳಿಬಿಟ್ಟರು: "ಡಾಕ್ಟ್ರೇ, ನಂಗೆ ವಯಸ್ಸಾಗಿದೆ ಅಂತ ಎಲ್ಲರೂ ಹೇಳ್ತಾರೆ. ನನ್ನಲ್ಲಿ ಯಾವುದಕ್ಕೆ ವಯಸ್ಸಾಗಿದೆ ಅಂತ ಮಾತ್ರ ಯಾರೂ ಹೇಳಲ್ಲ."

ಒಳ್ಳೆಯ ಪ್ರಶ್ನೆ ಅಲ್ವಾ? ಅವತ್ತು ನಾನು ಕೊಟ್ಟ ಉತ್ತರ ಅಷ್ಟೇನೂ ಚೆನ್ನಾಗಿರಲಿಲ್ಲ. ಇವತ್ತು ಅದನ್ನೇ ಸರಿಯಾಗಿ ಹೇಳಲು ನೋಡುತ್ತೇನೆ.

ಕೇಸ್ ಶೀಟಿನಲ್ಲಿರುವುದು ಒಂದೇ ಅಂಕಿ. ಅದರೊಳಗೆ ಎರಡು ವಯಸ್ಸುಗಳು ಅಡಗಿವೆ. ಒಂದು ಅಂಡಾಣುವಿನ ವಯಸ್ಸು. ಇನ್ನೊಂದು, ಆ ಮಗುವನ್ನು ಒಂಬತ್ತು ತಿಂಗಳು ಹೊರುವ ಮೈಯ ವಯಸ್ಸು, ಅಂದರೆ ರಕ್ತನಾಳ, ಹೃದಯ, ಗರ್ಭಕೋಶ, ಸಕ್ಕರೆಯನ್ನು ಹದದಲ್ಲಿಡುವ ವ್ಯವಸ್ಥೆ ಇವುಗಳದ್ದು. ಎರಡೂ ಒಂದೇ ದಿನ ಹುಟ್ಟಿದ್ದಲ್ಲ, ಒಂದೇ ವೇಗದಲ್ಲಿ ಸವೆಯುವುದೂ ಇಲ್ಲ. ಒಂದಕ್ಕೆ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಇನ್ನೊಂದಕ್ಕೆ ಸಾಕಷ್ಟಿದೆ. ಎರಡನ್ನೂ ಕಲಸಿಬಿಟ್ಟರೆ ಭಯ ಉಳಿಯುತ್ತದೆ, ಮಾಡಬೇಕಾದ ಕೆಲಸ ಮರೆತುಹೋಗುತ್ತದೆ.

ಮೊದಲು 35ರ ವಿಷಯ ಮುಗಿಸಿಬಿಡೋಣ. 35 ದಾಟಿದರೆ ಅಪಾಯ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಆ ಹುಟ್ಟುಹಬ್ಬದ ರಾತ್ರಿ ಮೈಯೊಳಗೆ ಯಾವುದೋ ಸ್ವಿಚ್ ಆಫ್ ಆಗುತ್ತದೇನೋ ಅನ್ನುವ ಹಾಗೆ ಮಾತಾಡುತ್ತಾರೆ. 1958ರಲ್ಲಿ ಸ್ತ್ರೀರೋಗ ಮತ್ತು ಹೆರಿಗೆ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ, 35 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನಲ್ಲಿ ಮೊದಲ ಸಲ ಹೆರುವವರನ್ನು 'ವಯಸ್ಸಾದ ಚೊಚ್ಚಲು ಬಸುರಿ' ಎಂದು ಕರೆಯಿತು. ಆ ಹೆಸರನ್ನು ಇಟ್ಟವರಾರೂ ಬಸುರಿಯಾಗಿರಲಿಕ್ಕಿಲ್ಲ ಅಂತ ನನಗೆ ಅನುಮಾನ. ಆಮೇಲೆ 1970ರ ದಶಕದಲ್ಲಿ ಆಮ್ನಿಯೋಸೆಂಟೆಸಿಸ್ ಪರೀಕ್ಷೆ ಬಳಕೆಗೆ ಬಂತು. ಹೊಟ್ಟೆಯ ಮೂಲಕ ಸೂಜಿ ಹಾಕಿ, ಮಗುವಿನ ಸುತ್ತ ಇರುವ ನೀರನ್ನು ಸ್ವಲ್ಪ ತೆಗೆದು ಕ್ರೋಮೋಸೋಮ್, ಅಂದರೆ ಜೀವಕೋಶದೊಳಗಿನ ವಂಶವಾಹಿಗಳ ಕಟ್ಟು, ನೋಡುವ ಪರೀಕ್ಷೆ ಅದು. ಆ ಸೂಜಿಯಿಂದಲೇ ಗರ್ಭ ಹೋಗುವ ಸಾಧ್ಯತೆ ಆಗ ಸುಮಾರು 200ಕ್ಕೆ 1 ಎಂಬ ಲೆಕ್ಕವಿತ್ತು. ಮಗುವಿನ ಕ್ರೋಮೋಸೋಮಿನಲ್ಲಿ ಏರುಪೇರು ಸಿಗುವ ಸಾಧ್ಯತೆಯೂ ಸುಮಾರು ಅಷ್ಟೇ ಆಗುವುದು ಯಾವ ವಯಸ್ಸಿಗೆ ಅಂತ ನೋಡಿದರು. 35 ಬಂತು. ಅದಕ್ಕಿಂತ ಚಿಕ್ಕವರಿಗೆ ಸೂಜಿಯ ಅಪಾಯವೇ ಜಾಸ್ತಿ, ದೊಡ್ಡವರಿಗೆ ಪರೀಕ್ಷೆಯ ಲಾಭ ಜಾಸ್ತಿ. ಒಂದು ಪರೀಕ್ಷೆಯನ್ನು ಯಾರಿಗೆ ಮಾಡಬೇಕು ಅಂತ ಎಳೆದ ಗೆರೆ ಅದು. ಇವತ್ತು ಅದೇ ಪರೀಕ್ಷೆಯ ಅಪಾಯ ತುಂಬ ಕಡಿಮೆಯಾಗಿದೆ. ಗೆರೆ ಮಾತ್ರ ಅಲ್ಲೇ ಇದೆ.

ಅಪಾಯ ಏರುವುದು ಸುಳ್ಳಲ್ಲ. ಆದರೆ ಅದು ಪ್ರಪಾತದ ಹಾಗೆ ಅಲ್ಲ, ಏರುದಾರಿಯ ಹಾಗೆ. 34ಕ್ಕೂ 36ಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿಲ್ಲ. 36ಕ್ಕೂ 43ಕ್ಕೂ ಇದೆ, ಬೇಕಾದಷ್ಟಿದೆ.

ಈಗ ಅಂಡಾಣುವಿಗೆ ಬರೋಣ. ನನಗೆ ತುಂಬ ಇಷ್ಟವಾದ ಭಾಗ ಇದು. ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹೆಣ್ಣುಮಗುವೊಂದು ತನ್ನ ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳ ಪಿಂಡವಾಗಿರುವಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಅದೇ ಅತಿ ಹೆಚ್ಚು. ಅಲ್ಲಿಂದ ಇಳಿಕೆ ಶುರು. ಹುಟ್ಟುವ ಹೊತ್ತಿಗೆ 10ರಿಂದ 20 ಲಕ್ಷ. ಮೈನೆರೆಯುವ ಹೊತ್ತಿಗೆ 3ರಿಂದ 4 ಲಕ್ಷ. 37ರ ಸುಮಾರಿಗೆ 25 ಸಾವಿರ. ಮುಟ್ಟು ನಿಲ್ಲುವಾಗ ಸಾವಿರದ ಆಸುಪಾಸು. ಇಡೀ ಬದುಕಿನಲ್ಲಿ ತಿಂಗಳಿಗೊಂದರಂತೆ ಹೊರಬರುವುದು 400ರಿಂದ 500 ಮಾತ್ರ. ಮಿಕ್ಕದ್ದೆಲ್ಲ ಸದ್ದಿಲ್ಲದೆ ಕರಗಿಹೋಗುತ್ತದೆ. ಮಾತ್ರೆ ನುಂಗಿ ಅಂಡಾಣು ಬಿಡುಗಡೆ ನಿಲ್ಲಿಸಿದರೂ ಈ ಕರಗುವಿಕೆ ನಿಲ್ಲುವುದಿಲ್ಲ.

ಅಂದರೆ 38ನೇ ವಯಸ್ಸಿನಲ್ಲಿ ಬಸಿರು ಕಟ್ಟಿದ ಅಂಡಾಣು ಆ ಹೆಂಗಸಿಗಿಂತ ಕೆಲವು ತಿಂಗಳು ದೊಡ್ಡದು. ಅವಳು ಹುಟ್ಟುವ ಮುಂಚೆಯೇ ಅದು ತಯಾರಾಗಿ, ಅರ್ಧ ಕೆಲಸ ಮಾಡಿ, ಅಲ್ಲೇ ನಿಂತುಬಿಟ್ಟಿದೆ. ಯಾವ ಕೆಲಸ? ತನ್ನ ಕ್ರೋಮೋಸೋಮುಗಳನ್ನು ಎರಡು ಪಾಲು ಮಾಡುವ ಕೆಲಸ. ಜೋಡಿಗಳನ್ನು ಎದುರುಬದುರು ನಿಲ್ಲಿಸಿ, ದಾರ ಕಟ್ಟಿ, "ಇರು, ಕರೆ ಬಂದಾಗ ಮುಂದುವರಿಸೋಣ" ಅಂತ ಕಾಯುತ್ತದೆ. ಕರೆ 18 ವರ್ಷಕ್ಕೆ ಬರಬಹುದು, 42ಕ್ಕೂ ಬರಬಹುದು. ಆ ದಾರಕ್ಕೆ ಕೊಹೆಸಿನ್ ಅಂತ ಹೆಸರು. ಅದು ಒಂದು ಪ್ರೋಟೀನು. ಹಳೆಯ ಪುಸ್ತಕದ ಹೊಲಿಗೆ ನೋಡಿದ್ದೀರಲ್ಲ, ಹಾಳೆಗಳು ಚೆನ್ನಾಗೇ ಇರುತ್ತವೆ, ದಾರ ಮಾತ್ರ ಸಡಿಲವಾಗಿ ಹಾಳೆ ಕಳಚಿಕೊಳ್ಳುತ್ತದೆ. ಇಲ್ಲೂ ಹಾಗೇ. ಕರೆ ಬಂದಾಗ ಜೋಡಿಗಳು ಸರಿಯಾಗಿ ಬೇರೆಯಾಗದೆ, ಒಂದು ಪಾಲಿಗೆ ಒಂದು ಕ್ರೋಮೋಸೋಮ್ ಜಾಸ್ತಿ ಹೋಗುತ್ತದೆ, ಇನ್ನೊಂದು ಪಾಲಿಗೆ ಕಡಿಮೆ. ಎಲ್ಲ ವಯಸ್ಸಿನಲ್ಲೂ ಇದು ಆಗುತ್ತದೆ. ವಯಸ್ಸಾದಂತೆ ಹೆಚ್ಚು ಸಲ ಆಗುತ್ತದೆ.

ಇದು ಗೊತ್ತಾಗಲು ಸುಮಾರು ನೂರು ವರ್ಷ ಬೇಕಾಯಿತು. 1866ರಲ್ಲಿ ಜಾನ್ ಲ್ಯಾಂಗ್ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯ ಬುದ್ಧಿಯ ಬೆಳವಣಿಗೆ ನಿಧಾನವಾಗಿದ್ದ ಕೆಲವು ಮಕ್ಕಳಲ್ಲಿ ಒಂದೇ ಬಗೆಯ ಲಕ್ಷಣಗಳನ್ನು ಗುರುತಿಸಿ ಬರೆದ. ಅವನ ಹೆಸರಿನಿಂದಲೇ ಇದಕ್ಕೆ ಇವತ್ತು ಡೌನ್ ಸಿಂಡ್ರೋಮ್ ಅನ್ನುತ್ತೇವೆ. ಆಮೇಲೆ ಬಂದವರು ಈ ಮಕ್ಕಳು ದೊಡ್ಡ ಸಂಸಾರಗಳಲ್ಲಿ ಕೊನೆಯವರಾಗಿ ಹುಟ್ಟುವುದನ್ನು ನೋಡಿ, ಹೆತ್ತು ಹೆತ್ತು ತಾಯಿಯ ಗರ್ಭಕೋಶ ದಣಿದಿದೆ ಅಂದರು. ಕೇಳಲು ಸರಿ ಅನಿಸುತ್ತದೆ. ಆದರೆ ಕೊನೆಯ ಮಗು ಹುಟ್ಟುವಾಗ ತಾಯಿಗೂ ವಯಸ್ಸಾಗಿರುತ್ತದೆ, ತಂದೆಗೂ ಆಗಿರುತ್ತದೆ, ಹೆರಿಗೆಗಳ ಸಂಖ್ಯೆಯೂ ಏರಿರುತ್ತದೆ. ಮೂರರಲ್ಲಿ ಕಾರಣ ಯಾವುದು? 1933ರಲ್ಲಿ ಲಯನೆಲ್ ಪೆನ್ರೋಸ್ ಎಂಬ ಬ್ರಿಟಿಷ್ ವೈದ್ಯ ಈ ಮೂರನ್ನೂ ಲೆಕ್ಕದಿಂದ ಬೇರೆ ಬೇರೆ ಮಾಡಿ ತೋರಿಸಿದ. ಕಾರಣ ತಾಯಿಯ ವಯಸ್ಸು. ಎಷ್ಟನೇ ಹೆರಿಗೆ ಅನ್ನುವುದಲ್ಲ, ತಂದೆಯ ವಯಸ್ಸೂ ಅಲ್ಲ. ಕ್ರೋಮೋಸೋಮುಗಳನ್ನು ಸರಿಯಾಗಿ ಎಣಿಸಲೂ ಬಾರದ ಕಾಲ ಅದು. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೋನ್, ಮಾರ್ಥ್ ಗೋತಿಯೇ ಮತ್ತು ರೇಮಂಡ್ ಟರ್ಪಿನ್ ಆ ಮಕ್ಕಳಲ್ಲಿ 46ರ ಬದಲು 47 ಕ್ರೋಮೋಸೋಮ್ ಇರುವುದನ್ನು ತೋರಿಸಿದರು. 21ನೆಯದರ ಒಂದು ಪ್ರತಿ ಹೆಚ್ಚು. ಹತ್ತರಲ್ಲಿ ಒಂಬತ್ತು ಸಲ ಆ ಹೆಚ್ಚಿನ ಪ್ರತಿ ಬರುವುದು ಅಂಡಾಣುವಿನಿಂದ.

ಅಂಕಿ ಹೇಳುತ್ತೇನೆ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ 20ರ ವಯಸ್ಸಿಗೆ ಸುಮಾರು 1500ಕ್ಕೆ 1. 30ಕ್ಕೆ 900ಕ್ಕೆ 1. 35ಕ್ಕೆ 350ಕ್ಕೆ 1. 40ಕ್ಕೆ 100ಕ್ಕೆ 1. 45ಕ್ಕೆ 30ಕ್ಕೆ 1.

ಇದನ್ನೇ ಎರಡು ರೀತಿ ಹೇಳಬಹುದು ನೋಡಿ. "20ಕ್ಕೆ ಹೋಲಿಸಿದರೆ 40ಕ್ಕೆ ಅಪಾಯ 15 ಪಟ್ಟು" ಅಂದರೆ ಎದೆ ಧಸಕ್ಕೆನ್ನುತ್ತದೆ. "40 ವರ್ಷದ 100 ತಾಯಂದಿರಲ್ಲಿ 99 ಮಂದಿಯ ಮಗುವಿಗೆ ಇದು ಇರುವುದಿಲ್ಲ" ಅಂದರೆ ಉಸಿರು ಹಗುರವಾಗುತ್ತದೆ. ಎರಡೂ ನಿಜ. ಯಾರಾದರೂ ಪಟ್ಟುಗಳ ಲೆಕ್ಕದಲ್ಲಿ ಹೆದರಿಸಿದರೆ "ಎಷ್ಟರ ಪಟ್ಟು?" ಅಂತ ಕೇಳಿ. ಇನ್ನೊಂದು ವಿಚಿತ್ರ: ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರು 35ಕ್ಕಿಂತ ಚಿಕ್ಕವರು. ಒಟ್ಟು ಹೆರುವವರಲ್ಲಿ ಅವರೇ ಜಾಸ್ತಿ, ಅದಕ್ಕೆ. ಚಿಕ್ಕ ವಯಸ್ಸು, ಪರೀಕ್ಷೆ ಯಾಕೆ ಅನ್ನುವವರಿಗೆ ಇದನ್ನು ಹೇಳಬೇಕಾಗುತ್ತದೆ.

ಆದರೆ ಅಂಡಾಣುವಿನ ವಯಸ್ಸು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹುಟ್ಟುವ ಮಕ್ಕಳಲ್ಲಿ ಅಲ್ಲ. ನಿಲ್ಲದೇ ಹೋದ ಬಸಿರುಗಳಲ್ಲಿ. ಮೊದಲ ಮೂರು ತಿಂಗಳಲ್ಲಿ ತಾನಾಗೇ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕ್ರೋಮೋಸೋಮಿನ ಏರುಪೇರೇ ಕಾರಣ. ನಾರ್ವೆಯಲ್ಲಿ 2009ರಿಂದ 2013ರವರೆಗಿನ 4 ಲಕ್ಷಕ್ಕೂ ಹೆಚ್ಚು ಬಸಿರುಗಳ ದಾಖಲೆ ನೋಡಿ ಮಾಡಿದ ಅಧ್ಯಯನ 2019ರಲ್ಲಿ ಬಂತು. 25ರಿಂದ 29ರವರಲ್ಲಿ ಗರ್ಭ ಹೋಗುವ ಪ್ರಮಾಣ ಅತಿ ಕಡಿಮೆ, 100ಕ್ಕೆ 10. 45 ದಾಟಿದವರಲ್ಲಿ 100ಕ್ಕೆ 53. 20ರೊಳಗಿನವರಲ್ಲೂ ಸ್ವಲ್ಪ ಹೆಚ್ಚು, ಸುಮಾರು 16. ವಯಸ್ಸಿನ ಪ್ರಕಾರ ಈ ಅಂಕಿಗಳಿಗೆ ಗೆರೆ ಎಳೆದರೆ ಎಡಕ್ಕೆ ಚಿಕ್ಕ ಕೊಕ್ಕೆ, ಬಲಕ್ಕೆ ಉದ್ದನೆಯ ಏರು.

ಗರ್ಭ ಹೋದ ಮೇಲೆ ಬರುವ ಹೆಂಗಸರು ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ನಾನೇನು ತಪ್ಪು ಮಾಡಿದೆ?" ಮೆಟ್ಟಿಲು ಹತ್ತಿದೆನಾ, ಕೊಡ ಎತ್ತಿದೆನಾ, ಗಾಡಿಯಲ್ಲಿ ಹೋದೆನಾ, ಅವತ್ತು ಅತ್ತಿದ್ದಕ್ಕಾ? ಮನೆಯವರು ಬಾಯಿಬಿಟ್ಟು ಹೇಳದಿದ್ದರೂ ಅವರ ಕಣ್ಣಲ್ಲೂ ಅದೇ ಪ್ರಶ್ನೆ ಇರುತ್ತದೆ. ಪಾಲು ಹಂಚುವಾಗ ತಪ್ಪಿದ ಅಂಡಾಣು ಬಸಿರು ಕಟ್ಟುವ ಮೊದಲೇ ತಪ್ಪಿರುತ್ತದೆ. ಮೆಟ್ಟಿಲಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಒಂದು ಸಲ ಹೇಳಿದರೆ ಸಾಲದು. ಗಂಡನನ್ನೂ ಅತ್ತೆಯನ್ನೂ ಒಳಗೆ ಕರೆದು, ಅವರೆದುರೇ ಇನ್ನೊಂದು ಸಲ ಹೇಳಬೇಕು. ನಾನು ಹಾಗೇ ಮಾಡುತ್ತೇನೆ.

ಈಗ ಎರಡನೇ ವಯಸ್ಸು, ಮೈಯದು.

ಇವೆರಡು ನಿಜವಾಗಿಯೂ ಬೇರೆ ಬೇರೆ ಅಂತ ನಮಗೆ ಹೇಗೆ ಗೊತ್ತು? ಬೇರೊಬ್ಬರ ಅಂಡಾಣು ಪಡೆದು ಬಸುರಿಯಾಗುವವರಿಂದ ಗೊತ್ತು. 44 ವರ್ಷದ ಹೆಂಗಸಿಗೆ 26 ವರ್ಷದವರೊಬ್ಬರು ದಾನ ಕೊಟ್ಟ ಅಂಡಾಣುವಿನಿಂದ ಭ್ರೂಣ ಮಾಡಿ ಇಟ್ಟರೆ, ಬಸಿರು ನಿಲ್ಲುವ ಸಾಧ್ಯತೆ, ಗರ್ಭ ಹೋಗುವ ಸಾಧ್ಯತೆ, ಡೌನ್ ಸಿಂಡ್ರೋಮಿನ ಸಾಧ್ಯತೆ ಇವೆಲ್ಲ ಮುಖ್ಯವಾಗಿ ಅಂಡಾಣು ಕೊಟ್ಟವರ ವಯಸ್ಸನ್ನೇ ಹಿಂಬಾಲಿಸುತ್ತವೆ. ಆದರೆ ಬಿ.ಪಿ. ಏರುವುದು, ಗರ್ಭದ ಸಕ್ಕರೆ ಕಾಯಿಲೆ, ಸಿಸೇರಿಯನ್, ಇವು 44ರ ಮೈಯ ಜೊತೆಗೇ ಉಳಿಯುತ್ತವೆ. ಬಿ.ಪಿ.ಯ ತೊಂದರೆಯಂತೂ ಇನ್ನೂ ಹೆಚ್ಚು. ಮಾಸು ತಾಯಿಯ ಮೈಗೆ ಪೂರ್ತಿ ಹೊರಗಿನದಾಗಿರುವುದೂ ಅದಕ್ಕೆ ಒಂದು ಕಾರಣ ಅಂತ ತಿಳಿಯಲಾಗಿದೆ. ಆ 39ರ ಹೆಂಗಸಿನ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಉತ್ತರ ನನಗೆ ಸಿಕ್ಕಿಲ್ಲ.

ಮೈ ಏನು ಮಾಡಬೇಕು ಅಂತ ಒಮ್ಮೆ ಯೋಚಿಸಿ. ಬಸಿರಿನಲ್ಲಿ ರಕ್ತದ ಪ್ರಮಾಣ ಹತ್ತಿರ ಹತ್ತಿರ ಅರ್ಧದಷ್ಟು ಏರುತ್ತದೆ. ಹೃದಯ ಅಷ್ಟನ್ನೂ ತಳ್ಳಬೇಕು. ಗರ್ಭಕೋಶದ ಗೋಡೆಯಲ್ಲಿರುವ ಸುರುಳಿ ರಕ್ತನಾಳಗಳು ಅಗಲವಾಗಿ, ಮಾಸಿಗೆ ಧಾರಾಳವಾಗಿ ರಕ್ತ ಹರಿಸಬೇಕು. ಆ ನಾಳಗಳು ಸರಿಯಾಗಿ ಅಗಲವಾಗದಿದ್ದರೆ ಮಾಸು ಸಂಕಟಪಡುತ್ತದೆ. ಅದರಿಂದ ಹೊರಬೀಳುವ ವಸ್ತುಗಳು ತಾಯಿಯ ರಕ್ತನಾಳಗಳನ್ನೆಲ್ಲ ಕೆರಳಿಸುತ್ತವೆ. ಐದು ತಿಂಗಳಾದ ಮೇಲೆ ಬಿ.ಪಿ. 140/90 ದಾಟುತ್ತದೆ, ಮೂತ್ರದಲ್ಲಿ ಪ್ರೋಟೀನ್ ಕಾಣಿಸುತ್ತದೆ. ಇದೇ ಗರ್ಭನಂಜು, ಪ್ರಿಎಕ್ಲಾಂಪ್ಸಿಯಾ. ಹಾಗೇ ಬಿಟ್ಟರೆ ಫಿಟ್ಸ್ ಬರಬಹುದು, ಲಿವರ್ ಕೆಡಬಹುದು, ತಾಯಿ-ಮಗು ಇಬ್ಬರ ಜೀವಕ್ಕೂ ಕುತ್ತು. 40 ದಾಟಿದವರಲ್ಲಿ ಇದರ ಸಾಧ್ಯತೆ ಸುಮಾರು ಎರಡು ಪಟ್ಟು. ಎಷ್ಟರ ಪಟ್ಟು ಅಂತ ಕೇಳಿ ಅಂದೆನಲ್ಲ, ನಾನೇ ಹೇಳುತ್ತೇನೆ: ಜಗತ್ತಿನಲ್ಲಿ ಒಟ್ಟಾರೆ 100 ಬಸಿರುಗಳಲ್ಲಿ 2ರಿಂದ 8ರಲ್ಲಿ ಇದು ಕಾಣುತ್ತದೆ.

ಇಲ್ಲಿ ಸಂತೋಷದ ಸಂಗತಿಯೊಂದಿದೆ. ಅಪಾಯ ಹೆಚ್ಚಿರುವವರಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡಿದರೆ ಗರ್ಭನಂಜಿನ ಸಾಧ್ಯತೆ ಇಳಿಯುತ್ತದೆ. 2017ರಲ್ಲಿ ಬಂದ ದೊಡ್ಡ ಪ್ರಯೋಗವೊಂದರಲ್ಲಿ ದಿನಕ್ಕೆ 150 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡವರಲ್ಲಿ, ದಿನ ತುಂಬುವ ಮುಂಚೆಯೇ ಹೆರಿಗೆ ಮಾಡಿಸಬೇಕಾಗುವಂಥ ಗರ್ಭನಂಜು ಶೇಕಡಾ 60ರಷ್ಟು ಕಡಿಮೆಯಾಯಿತು. ತಲೆನೋವಿಗೆ ನುಂಗುವ ಹಳೆಯ ಮಾತ್ರೆ! ಆದರೆ 16 ವಾರದೊಳಗೆ ಶುರು ಮಾಡಿದರೇ ಹೆಚ್ಚು ಲಾಭ. ಅದಕ್ಕೇ 38ರವರು ಐದನೇ ತಿಂಗಳಲ್ಲಿ ಮೊದಲ ಸಲ ತಪಾಸಣೆಗೆ ಬಂದರೆ ನನಗೆ ಬೇಜಾರಾಗುತ್ತದೆ. ಬಸ್ಸು ಹೋಗಿರುತ್ತದೆ. ಹಾಗಂತ ನೀವೇ ಅಂಗಡಿಯಿಂದ ತಂದು ನುಂಗಬೇಡಿ, ಯಾರಿಗೆ ಬೇಕು ಅನ್ನುವುದನ್ನು ನೋಡಿ ನಿರ್ಧರಿಸಬೇಕು.

ಸಕ್ಕರೆಯ ವಿಷಯ ಬೇಗ ಹೇಳಿಬಿಡುತ್ತೇನೆ. ವಯಸ್ಸಾದಂತೆ ಇನ್ಸುಲಿನ್ ಮಾತು ಮೈ ಅಷ್ಟಾಗಿ ಕೇಳುವುದಿಲ್ಲ, ಬಸಿರು ಅದನ್ನು ಇನ್ನಷ್ಟು ಕಿವುಡು ಮಾಡುತ್ತದೆ. 24ರಿಂದ 28 ವಾರದ ನಡುವೆ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡುತ್ತಾರೆ, ಅಪಾಯ ಹೆಚ್ಚಿದ್ದರೆ ಮುಂಚೆಯೇ. ಊಟದ ಹದ, ನಡಿಗೆ, ಬೇಕಾದರೆ ಔಷಧಿ. ಹೆಚ್ಚಿನವರದು ಹತೋಟಿಗೆ ಬರುತ್ತದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂರುವುದು, ಸಿಸೇರಿಯನ್ ಆಗುವುದು ಇವೂ ವಯಸ್ಸಿನ ಜೊತೆ ಏರುತ್ತವೆ. ಅವಳಿ ಮಕ್ಕಳೂ ಹೆಚ್ಚು. ಅಂಡಾಶಯ ಸುಮ್ಮನಾಗುತ್ತಾ ಬಂದಂತೆ ಮಿದುಳಿನ ಬುಡದ ಗ್ರಂಥಿ ಗಟ್ಟಿಯಾಗಿ ಕೂಗುತ್ತದೆ, ಕೆಲವು ತಿಂಗಳು ಒಂದರ ಬದಲು ಎರಡು ಅಂಡಾಣು ಎದ್ದು ಬರುತ್ತವೆ.

ಹೇಳಲು ಕಷ್ಟವಾದ ಮಾತೊಂದಿದೆ. ದಿನ ತುಂಬಿದ ಮೇಲೆ ಮಗು ಹೊಟ್ಟೆಯಲ್ಲೇ ತೀರಿಹೋಗುವುದು. 39-40 ವಾರದಲ್ಲಿ ಇದು 35ರೊಳಗಿನವರಲ್ಲಿ ಸಾವಿರಕ್ಕೆ ಸುಮಾರು 1, 40 ದಾಟಿದವರಲ್ಲಿ ಸಾವಿರಕ್ಕೆ 2. ಇನ್ನೊಂದು ರೀತಿ ಹೇಳಿದರೆ, 40ರ ತಾಯಿಗೆ 39 ವಾರಕ್ಕೆ ಇರುವ ಅಪಾಯ 25ರ ತಾಯಿಗೆ 41 ವಾರಕ್ಕೆ ಇರುವಷ್ಟೇ. ಅದಕ್ಕೇ 40 ದಾಟಿದವರಿಗೆ, ತಾನಾಗಿ ನೋವು ಬರಲಿ ಅಂತ ತುಂಬ ದಿನ ಕಾಯದೆ ನೋವು ಬರಿಸುವ ಮಾತು ಎತ್ತುತ್ತೇವೆ. ನೋವು ಬರಿಸಿದರೆ ಸಿಸೇರಿಯನ್ನೇ ಆಗುತ್ತದೆ ಅನ್ನುವ ಹೆದರಿಕೆ ಬಹಳ ಜನಕ್ಕಿದೆ. ಬ್ರಿಟನ್ನಿನಲ್ಲಿ 35 ದಾಟಿದ ಚೊಚ್ಚಲು ಬಸುರಿಯರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. 2016ರಲ್ಲಿ ಫಲಿತಾಂಶ ಬಂತು: 39ನೇ ವಾರದಲ್ಲಿ ನೋವು ಬರಿಸಿದ್ದರಿಂದ ಸಿಸೇರಿಯನ್ ಹೆಚ್ಚಾಗಲಿಲ್ಲ. ಯಾವ ವಯಸ್ಸೇ ಇರಲಿ, ಮಗುವಿನ ಒದೆತ ಕಡಿಮೆಯಾಯಿತು ಅನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ತಡೆಯದ ತಲೆನೋವು, ಕಣ್ಣೆದುರು ಮಿಂಚು, ಎದೆಗೂಡಿನ ಕೆಳಗೆ ನೋವು, ರಕ್ತಸ್ರಾವ ಇವಕ್ಕೂ ಅದೇ ಮಾತು.

ಇಷ್ಟು ಹೊತ್ತು ವಯಸ್ಸಾದವರ ಬಗ್ಗೆಯೇ ಮಾತಾಡಿದೆ. ಗೆರೆಯ ಎಡಗಡೆಯ ಕೊಕ್ಕೆ ನೆನಪಿದೆಯಾ?

"ಚಿಕ್ಕ ವಯಸ್ಸಲ್ಲಿ ಮೈ ಹಗುರ, ಹೆರಿಗೆ ಸಲೀಸು" ಅನ್ನುವ ಮಾತನ್ನು ನಾನು ಬೇಕಾದಷ್ಟು ಸಲ ಕೇಳಿದ್ದೇನೆ. 24ಕ್ಕೆ ಅದು ನಿಜ. 15ಕ್ಕೆ ಅಲ್ಲ. ಅಲ್ಲಿ ಅಂಡಾಣುವಿನದು ದೊಡ್ಡ ತೊಂದರೆಯಲ್ಲ, ಮೈ ಇನ್ನೂ ಮುಗಿದಿಲ್ಲ, ಅದೇ ತೊಂದರೆ. ಹುಡುಗಿಯ ಎತ್ತರ ನಿಂತ ಮೇಲೂ ಸೊಂಟದ ಮೂಳೆ ಅಗಲವಾಗುತ್ತಾ ಇರುತ್ತದೆ. ದಾರಿ ಸಣ್ಣದಿದ್ದರೆ ಮಗು ಅಡ್ಡಿಯಾಗಿ ನಿಲ್ಲುತ್ತದೆ. ಸಮಯಕ್ಕೆ ಸಿಸೇರಿಯನ್ ಸಿಗದೆ ದಿನಗಟ್ಟಲೆ ನೋವು ತಿಂದರೆ, ಮಗುವಿನ ತಲೆಯ ಒತ್ತಡಕ್ಕೆ ಮೂತ್ರಚೀಲ ಮತ್ತು ಯೋನಿಯ ನಡುವಿನ ಗೋಡೆ ಸತ್ತು ತೂತಾಗುತ್ತದೆ. ಆಮೇಲೆ ಮೂತ್ರ ಸೋರುತ್ತಲೇ ಇರುತ್ತದೆ. ಆಪರೇಷನ್‌ನಿಂದ ಸರಿಮಾಡಬಹುದು, ಆದರೆ ಎಷ್ಟೋ ಹುಡುಗಿಯರು ಅಲ್ಲಿಯವರೆಗೆ ತಲುಪುವುದೇ ಇಲ್ಲ. ಬೆಳೆಯುತ್ತಿರುವ ಹುಡುಗಿಯ ಮೈಗೂ ಕಬ್ಬಿಣ, ಕ್ಯಾಲ್ಸಿಯಂ ಬೇಕು, ಹೊಟ್ಟೆಯೊಳಗಿನದಕ್ಕೂ ಬೇಕು. ತಟ್ಟೆ ಒಂದೇ. 20ರಿಂದ 24ರವರಿಗೆ ಹೋಲಿಸಿದರೆ 10ರಿಂದ 19ರ ತಾಯಂದಿರಿಗೆ ಫಿಟ್ಸ್, ಬಾಣಂತನದ ಸೋಂಕು ಹೆಚ್ಚು, ಮಕ್ಕಳು ದಿನ ತುಂಬದೆ ಹುಟ್ಟುವುದು, ತೂಕ ಕಡಿಮೆ ಇರುವುದು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರಲ್ಲೂ 19 ಬೇರೆ, 14 ಬೇರೆ. ವಯಸ್ಸು ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಜೊತೆಗೆ ಈ ಹುಡುಗಿಯರು ತಪಾಸಣೆಗೆ ಬರುವುದೂ ತಡವಾಗಿಯೇ. ಹೆದರಿಕೆ, ನಾಚಿಕೆ, ಕೈಯಲ್ಲಿ ದುಡ್ಡಿಲ್ಲ, ನಿರ್ಧಾರ ಇನ್ನೊಬ್ಬರದು. ನಾವು ಕೂಡ ಅವರ ಮುಂದೆ ಹುಬ್ಬೇರಿಸಿದರೆ ಮತ್ತೆ ಬರುವುದೇ ಇಲ್ಲ.

ಪರೀಕ್ಷೆಗಳ ಬಗ್ಗೆ ಒಂದು ಲೆಕ್ಕ ಮಾಡಿಸುತ್ತೇನೆ, ಸುಲಭದ್ದೇ. 1997ರಲ್ಲಿ ಡೆನ್ನಿಸ್ ಲೋ ಮತ್ತು ಅವರ ಸಂಗಡಿಗರು ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಚೂರುಗಳು ತೇಲುತ್ತಿರುವುದನ್ನು ಕಂಡುಹಿಡಿದರು. ಅದರಿಂದ ಬಂದದ್ದೇ ಇವತ್ತಿನ ಎನ್‌ಐಪಿಟಿ. 10 ವಾರದ ಮೇಲೆ ತಾಯಿಯ ತೋಳಿನಿಂದ ರಕ್ತ ತೆಗೆದರೆ ಸಾಕು, ಡೌನ್ ಸಿಂಡ್ರೋಮ್ ಇದ್ದರೆ 100ಕ್ಕೆ 99 ಸಲ ಹಿಡಿಯುತ್ತದೆ. ಅಂದಮೇಲೆ 'ಪಾಸಿಟಿವ್' ಬಂದರೆ ಖಚಿತ ಅಂತ ಅಲ್ವಾ? ಅಲ್ಲ. ಸಾವಿರ ಸರಿಯಾದ ಮಕ್ಕಳಲ್ಲಿ ಒಂದಕ್ಕೆ ಇದು ಸುಳ್ಳು ಎಚ್ಚರಿಕೆ ಕೊಡುತ್ತದೆ ಅಂದುಕೊಳ್ಳಿ. 40 ವರ್ಷದ ಸಾವಿರ ತಾಯಂದಿರನ್ನು ತೆಗೆದುಕೊಳ್ಳಿ. ಹತ್ತು ಮಕ್ಕಳಿಗೆ ನಿಜವಾಗಿ ಇರುತ್ತದೆ, ಒಂದು ಸುಳ್ಳು ಎಚ್ಚರಿಕೆ. 11 ಪಾಸಿಟಿವ್‌ನಲ್ಲಿ 10 ನಿಜ. ಈಗ 25ರ ಸಾವಿರ ತಾಯಂದಿರು. ನಿಜವಾಗಿ ಇರುವುದು ಹೆಚ್ಚೆಂದರೆ ಒಂದು ಮಗುವಿಗೆ, ಸುಳ್ಳು ಎಚ್ಚರಿಕೆಯೂ ಒಂದು. ಎರಡರಲ್ಲಿ ಒಂದು ಸುಳ್ಳು! ಪರೀಕ್ಷೆ ಅದೇ, ಲ್ಯಾಬ್ ಅದೇ, ಕಾಗದದ ಮೇಲಿನ ಪದವೂ ಅದೇ. ತಾಯಿಯ ವಯಸ್ಸು ಬದಲಾದರೆ ಆ ಪದದ ಅರ್ಥ ಬದಲಾಗುತ್ತದೆ. ಅದಕ್ಕೇ ಆಮ್ನಿಯೋಸೆಂಟೆಸಿಸ್‌ನಂಥ ಖಚಿತ ಪರೀಕ್ಷೆ ಆಗುವ ತನಕ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ.

ಬಸಿರಿಗೆ ಮುಂಚೆ ಮಾಡಬಹುದಾದ ಕೆಲಸಗಳಲ್ಲಿ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಫೋಲಿಕ್ ಆಸಿಡ್, ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಬೆನ್ನುಹುರಿಯಾಗುವ ಕೊಳವೆ ಬಸಿರು ಕಟ್ಟಿದ 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿದೆ ಅಂತ ಗೊತ್ತಾಗುವ ಹೊತ್ತಿಗೆ ಅರ್ಧ ಸಮಯ ಹೋಗಿರುತ್ತದೆ. ಮಗು ಬೇಕು ಅಂದುಕೊಂಡ ತಿಂಗಳಿಂದಲೇ ಶುರು ಮಾಡಿ. ಬಿ.ಪಿ., ಸಕ್ಕರೆ, ಥೈರಾಯಿಡ್, ರಕ್ತಹೀನತೆ ಇವನ್ನೂ ಆಗಲೇ ನೋಡಿಸಿಕೊಂಡರೆ ಮೈಯ ವಯಸ್ಸಿನ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬ ಯುವತಿ ಕೇಳಿದರು: "ಅಂಡಾಣು ಫ್ರೀಜ್ ಮಾಡಿಸಿಟ್ಟರೆ ವಯಸ್ಸು ನಿಲ್ಲುತ್ತಾ ಮೇಡಂ?"

ಅಂಡಾಣುವಿನದು ನಿಲ್ಲುತ್ತದೆ, ನಿಮ್ಮದು ನಿಲ್ಲುವುದಿಲ್ಲ. 30ಕ್ಕೆ ತೆಗೆದಿಟ್ಟದ್ದು 42ಕ್ಕೂ 30ರದ್ದೇ. ಆದರೆ ಪ್ರತಿ ಅಂಡಾಣುವೂ ಮಗುವಾಗುವುದಿಲ್ಲ. ಕೆಲವು ಕರಗಿಸುವಾಗ ಹೋಗುತ್ತವೆ, ಕೆಲವು ಭ್ರೂಣವಾಗುವುದಿಲ್ಲ, ಕೆಲವು ನಿಲ್ಲುವುದಿಲ್ಲ. ಅದು ಲಾಕರಿನಲ್ಲಿಟ್ಟ ಮಗು ಅಲ್ಲ, ಲಾಕರಿನಲ್ಲಿಟ್ಟ ಲಾಟರಿ ಚೀಟಿಗಳು. 40 ಆದ ಮೇಲೆ ಇಡುವ ಚೀಟಿಗಳಲ್ಲಿ ಗೆಲ್ಲುವುದು ಕಡಿಮೆ.

ಇನ್ನೊಬ್ಬರು: "ನನಗೆ 37. ಮೊದಲನೆಯದು ಆಗಿ ನಾಲ್ಕು ತಿಂಗಳಾಯಿತು. ಎರಡನೆಯದಕ್ಕೆ ಬೇಗ ಹೋಗಿಬಿಡಲಾ?"

ಅವಸರ ಅರ್ಥವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ 24 ತಿಂಗಳು ಬಿಡಿ ಅಂತ. 37ಕ್ಕೆ ಎರಡು ವರ್ಷ ಅಂದರೆ ದೊಡ್ಡ ಮೊತ್ತ. ಕೆನಡಾದಲ್ಲಿ ಮಾಡಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಪ್ರಶ್ನೆ ಕೇಳಿತ್ತು. 35 ದಾಟಿದವರು ಆರೇ ತಿಂಗಳಲ್ಲಿ ಮತ್ತೆ ಬಸುರಿಯಾದರೆ ತಾಯಿಗೇ ಗಂಭೀರ ತೊಂದರೆ ಹೆಚ್ಚು, 12ರಿಂದ 18 ತಿಂಗಳು ಬಿಟ್ಟರೆ ಅದು ಇಳಿಯುತ್ತದೆ ಅಂತ ಕಂಡಿತು. ಹಾಗಾಗಿ ಮಗುವಿನ ಮೊದಲ ಹುಟ್ಟುಹಬ್ಬ ಮುಗಿಸಿಕೊಂಡು ಬನ್ನಿ, ಮಾತಾಡೋಣ. ಪ್ರಯತ್ನ ಶುರು ಮಾಡಿ ಆರು ತಿಂಗಳಾದರೂ ನಿಲ್ಲದಿದ್ದರೆ ತಡ ಮಾಡಬೇಡಿ. 35ರೊಳಗಿನವರಿಗೆ ಒಂದು ವರ್ಷ ಕಾಯಿರಿ ಅನ್ನುತ್ತೇವೆ, ಆಮೇಲಿನವರಿಗೆ ಆರು ತಿಂಗಳು.

ಕೊನೆಗೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದರು: "ಇಷ್ಟು ಹೊತ್ತು ಹೆಂಗಸರ ವಯಸ್ಸೇ ಆಯಿತು. ಗಂಡಸರದು ಲೆಕ್ಕಕ್ಕಿಲ್ವಾ?"

ಹೆಂಗಸರ ಕಡೆಯಿಂದ ಚಪ್ಪಾಳೆ ಬಂತು. ಲೆಕ್ಕಕ್ಕಿದೆ. ಅಂಡಾಣು ಕಾದು ಕಾದು ಹಳೆಯದಾದರೆ, ವೀರ್ಯಾಣು ನಕಲು ಮಾಡಿ ಮಾಡಿ ತಪ್ಪುತ್ತದೆ. ಗಂಡಸಿನಲ್ಲಿ ಅದನ್ನು ತಯಾರಿಸುವ ಜೀವಕೋಶಗಳು ಬದುಕಿಡೀ ಒಡೆಯುತ್ತಲೇ ಇರುತ್ತವೆ. ಪ್ರತಿ ನಕಲಿನಲ್ಲೂ ಅಕ್ಷರದೋಷ ನುಸುಳಬಹುದು. ಐಸ್‌ಲ್ಯಾಂಡಿನ ಸಂಶೋಧಕರು 2012ರಲ್ಲಿ ಎಣಿಸಿ ಹೇಳಿದ್ದು: ತಂದೆಯ ವಯಸ್ಸು ಒಂದು ವರ್ಷ ಏರಿದರೆ ಮಗುವಿನಲ್ಲಿ ಸುಮಾರು ಎರಡು ಹೊಸ ಮಾರ್ಪಾಟು ಜಾಸ್ತಿ. ಹೆಚ್ಚಿನವು ಏನೂ ಮಾಡುವುದಿಲ್ಲ. ಕೆಲವು ಮಾಡುತ್ತವೆ. ಅಕಾಂಡ್ರೋಪ್ಲೇಸಿಯಾ ಅನ್ನುವ ಒಂದು ಬಗೆಯ ಕುಳ್ಳತನ ಸಂಸಾರದ ಕೊನೆಯ ಮಕ್ಕಳಲ್ಲಿ ಹೆಚ್ಚು ಅಂತ 1912ರಲ್ಲೇ ವಿಲ್ಹೆಲ್ಮ್ ವೈನ್‌ಬರ್ಗ್ ಎಂಬ ಜರ್ಮನ್ ವೈದ್ಯ ಗಮನಿಸಿದ್ದ. ಅದಕ್ಕೆ ಕಾರಣ ತಂದೆಯ ವಯಸ್ಸು ಅಂತ 1950ರ ದಶಕದಲ್ಲಿ ತೋರಿಸಿದ್ದು ಅದೇ ಪೆನ್ರೋಸ್.

"ಹಾಗಾದರೆ ನಿಮ್ಮ ಕೇಸ್ ಶೀಟಿನಲ್ಲಿ ಗಂಡನ ವಯಸ್ಸಿಗೆ ಜಾಗ ಇದೆಯಾ?" ಅಂತ ಅವರು ಬಿಡದೆ ಕೇಳಿದರು.

ಇದೆ. ನಮ್ಮಲ್ಲಿ ಹೆಚ್ಚಿನ ಸಲ ಅದು ಖಾಲಿಯೇ ಇರುತ್ತದೆ.